ಐವತ್ತನಾಲ್ಕು ಕಿಲೋ: ಒಂದು ತೂಕದ ಚೀಟಿಯ ಚರಿತ್ರೆ



ಎರಡು ವರ್ಷಗಳ ಹಿಂದೆ ಪಿಂಚಣಿಗೆ ಸಂಬಂಧಿಸಿದ ಕಾಗದವೊಂದನ್ನು ಹುಡುಕುತ್ತಾ ಹಳೆಯ ಟ್ರಂಕನ್ನು ತೆರೆದಿದ್ದೆ. ಬಿ.ಎಡ್. ಅಂಕಪಟ್ಟಿಯ ಮಡಿಕೆಯೊಳಗಿಂದ ಪುಟ್ಟ ರಟ್ಟಿನ ಚೀಟಿಯೊಂದು ಜಾರಿ ಬಿದ್ದಿತು. ಅರಸೀಕೆರೆ ರೈಲು ನಿಲ್ದಾಣದ ತೂಕದ ಯಂತ್ರದ ಚೀಟಿ ಅದು. ನಿಮ್ಮಲ್ಲಿ ನಲವತ್ತು ದಾಟಿದವರಿಗೆ ಆ ಯಂತ್ರ ನೆನಪಿರುತ್ತದೆ. ಬಣ್ಣಬಣ್ಣದ ದೀಪಗಳು ಸುತ್ತುತ್ತಿರುವಾಗ ಮೇಲೆ ನಿಂತು ನಾಣ್ಯ ಹಾಕಿದರೆ, ಠಕ್ಕೆಂದು ಒಂದು ಚೀಟಿ ಹೊರಬೀಳುತ್ತಿತ್ತು. ಒಂದು ಬದಿಯಲ್ಲಿ ತೂಕ, ಇನ್ನೊಂದು ಬದಿಯಲ್ಲಿ ಭವಿಷ್ಯ. 1983ರಲ್ಲಿ ಮೈಸೂರಿಗೆ ಬಿ.ಎಡ್. ಓದಲು ಹೊರಟಿದ್ದ ಇಪ್ಪತ್ತಮೂರರ ಹುಡುಗನ ತೂಕ ಅದರಲ್ಲಿ ಅಚ್ಚಾಗಿತ್ತು: 54 ಕಿಲೋ. ಭವಿಷ್ಯದ ಸಾಲು ಅಳಿಸಿಹೋಗಿತ್ತು.

ಅದೇ ವಾರ ನನ್ನ ರಕ್ತಪರೀಕ್ಷೆಯ ವರದಿ ಬಂದಿತ್ತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಅಂಕಿ 6.3 ಇತ್ತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೇನೆ ಎಂಬುದು ಅದರ ಅರ್ಥ. ಎತ್ತರ 165 ಸೆಂಟಿಮೀಟರ್, ತೂಕ 78 ಕಿಲೋ, ಸೊಂಟದ ಸುತ್ತಳತೆ 101 ಸೆಂಟಿಮೀಟರ್. "ತೂಕ ಇಳಿಸಿ" ಎಂದಷ್ಟೇ ವರದಿಯ ಕೊನೆಯಲ್ಲಿ ಬರೆದಿದ್ದರು. ಎಷ್ಟು ಇಳಿಸಬೇಕೆಂದು ಬರೆದಿರಲಿಲ್ಲ. ಆ ಉತ್ತರವನ್ನು ನಾನು ಚೀಟಿಯಲ್ಲಿ ಕಂಡುಕೊಂಡೆ. ಐವತ್ತನಾಲ್ಕು ನನ್ನ ನಿಜವಾದ ತೂಕ, ಮಿಕ್ಕ ಇಪ್ಪತ್ತನಾಲ್ಕು ಕಿಲೋ ನಡುವೆ ಬಂದು ಸೇರಿಕೊಂಡ ಅತಿಥಿ, ಅದನ್ನು ಹೊರಗೆ ಕಳುಹಿಸಿದರಾಯಿತು ಎಂದುಕೊಂಡೆ.

ಬೆಳಿಗ್ಗೆ ಬಿಸಿನೀರಿಗೆ ನಿಂಬೆರಸ, ಮಧ್ಯಾಹ್ನ ಸೌತೆಕಾಯಿ ಕೋಸಂಬರಿ, ರಾತ್ರಿ ಅರ್ಧ ಮುದ್ದೆ. ಏಳು ವಾರಗಳಲ್ಲಿ ಏಳು ಕಿಲೋ ಇಳಿಯಿತು. ಚೀಟಿಯನ್ನು ಕನ್ನಡಿಯ ಮೂಲೆಗೆ ಸಿಕ್ಕಿಸಿ ದಿನವೂ ನೋಡುತ್ತಿದ್ದೆ. ಎಂಟನೆಯ ವಾರದ ಒಂದು ಬೆಳಿಗ್ಗೆ ಬಚ್ಚಲುಮನೆಯಲ್ಲಿ ಕಣ್ಣು ಕತ್ತಲಿಟ್ಟು ಕುಸಿದೆ. ಪುಣ್ಯಕ್ಕೆ ತಲೆ ಗೋಡೆಗೆ ತಾಗಲಿಲ್ಲ, ಮೂಳೆ ಮುರಿಯಲಿಲ್ಲ. "ರೀ, ನಿಮಗೆ ಮದುವೆ ಮಾಡಿಕೊಳ್ಳೋ ವಯಸ್ಸೇನ್ರೀ ಈಗ?" ಎಂದು ನನ್ನ ಶ್ರೀಮತಿ ಅಳುತ್ತಲೇ ಬೈದಳು. ಆಮೇಲೆ ನಾಲ್ಕು ತಿಂಗಳೊಳಗೆ ಕಳೆದ ಏಳರಲ್ಲಿ ಆರು ಕಿಲೋ ಮರಳಿ ಬಂದವು.

ಜೀವಮಾನವೆಲ್ಲ ಚರಿತ್ರೆ ಬೋಧಿಸಿದವನಿಗೆ ಒಂದು ದುರಭ್ಯಾಸ ಅಂಟಿರುತ್ತದೆ. ಎಡವಿದರೆ ಎಡವಿದ ಕಲ್ಲಿನ ಇತಿಹಾಸವನ್ನು ಕೇಳುತ್ತಾನೆ. "ಸರಿಯಾದ ತೂಕ" ಎಂಬ ಈ ಕಲ್ಲನ್ನು ನಮ್ಮ ದಾರಿಯಲ್ಲಿ ಇಟ್ಟವರು ಯಾರು? ಮಲಗಿದ್ದ ದಿನಗಳಲ್ಲಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮನುಷ್ಯನನ್ನು ತೂಗುವುದು ನಮ್ಮ ನೆಲಕ್ಕೆ ಹೊಸತೇನಲ್ಲ. ಶಾಲಾ ಪ್ರವಾಸದಲ್ಲಿ ಹಂಪೆಗೆ ಹೋದಾಗ ವಿಠ್ಠಲ ದೇವಾಲಯದ ಸಮೀಪ ಎರಡು ಎತ್ತರದ ಕಲ್ಲುಕಂಬಗಳ ಮೇಲೆ ತೊಲೆಯಿಟ್ಟ ತುಲಾಪುರುಷದಾನದ ಕಟ್ಟಡವನ್ನು ನಿಮಗೆ ತೋರಿಸಿದ್ದೆ. ಅರಸನು ಒಂದು ತಟ್ಟೆಯಲ್ಲಿ ಕುಳಿತರೆ ಇನ್ನೊಂದರಲ್ಲಿ ಅವನ ತೂಕದ ಚಿನ್ನವನ್ನೋ ಧಾನ್ಯವನ್ನೋ ಇಟ್ಟು ದಾನ ಮಾಡುತ್ತಿದ್ದರು. ಉಡುಪಿಯಲ್ಲಿ ಇಂದಿಗೂ ತುಲಾಭಾರದ ಹರಕೆ ನಡೆಯುತ್ತದೆ. ಅಲ್ಲಿ ತೂಕ ಹೆಚ್ಚಿದಷ್ಟೂ ದಾನ ಹೆಚ್ಚು. ತಕ್ಕಡಿಯಿಂದ ಇಳಿದವನು ನಾಚಿಕೊಳ್ಳುವ ಪ್ರಸಂಗವೇ ಇರಲಿಲ್ಲ.

ಹಾಗೆಂದು ನಮ್ಮ ಹಿರಿಯರಿಗೆ ಸ್ಥೂಲಕಾಯದ ಕಷ್ಟ ತಿಳಿಯದೆ ಇರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯವು ಎಂಟು ಬಗೆಯ ನಿಂದ್ಯ ದೇಹಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಅತಿಸ್ಥೂಲ, ಅತಿಕೃಶ ಇವೆರಡನ್ನೇ ವಿಸ್ತಾರವಾಗಿ ಚರ್ಚಿಸುತ್ತದೆ. ಸಮಪ್ರಮಾಣದ ಮಾಂಸವುಳ್ಳ, ಹಸಿವು ಬಾಯಾರಿಕೆ ಬಿಸಿಲುಗಳನ್ನು ತಡೆದುಕೊಳ್ಳುವ ದೇಹವನ್ನು ಅದು ಮೆಚ್ಚುತ್ತದೆ. ಅಲ್ಲಿ ಲಕ್ಷಣಗಳಿವೆ, ಆದರೆ ಇಂತಿಷ್ಟು ಸೇರು ತೂಗಬೇಕೆಂಬ ಅಂಕಿಯಿಲ್ಲ.

ವೈದ್ಯಕ್ಕೆ ತಕ್ಕಡಿಯನ್ನು ತಂದವರಲ್ಲಿ ಮೊದಲಿಗನೆಂದು ಇಟಲಿಯ ಪಡುವಾ ವಿಶ್ವವಿದ್ಯಾಲಯದ ಸ್ಯಾಂಟೋರಿಯೊನನ್ನು ಹೇಳಬಹುದು. ಅವನ ಕಾಲ 1561ರಿಂದ 1636. ಅವನು ತೂಕದ ತೊಲೆಗೆ ಕುರ್ಚಿಯೊಂದನ್ನು ತೂಗುಹಾಕಿ ಅದರಲ್ಲೇ ಕುಳಿತು ಊಟ ಮಾಡಿದ. ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ವರ್ಷಗಟ್ಟಲೆ ತೂಗಿದ. ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದು ಕಡಿಮೆಯಿತ್ತು. ಉಳಿದದ್ದು ಕಣ್ಣಿಗೆ ಕಾಣದ ಬೆವರಾಗಿ, ಉಸಿರಾಗಿ ಹೋಗುತ್ತದೆಂದು 1614ರ ತನ್ನ ಗ್ರಂಥದಲ್ಲಿ ಬರೆದ. ಸ್ಯಾಂಟೋರಿಯೊ ತೂಗಿದ್ದು ದೇಹದ ವ್ಯಾಪಾರವನ್ನು ಅರಿಯಲು. ಗುರಿ ಮುಟ್ಟಲೆಂದು ಅವನು ತೂಗಲಿಲ್ಲ.

ಎರಡು ಶತಮಾನಗಳ ಅನಂತರ ಬಂದವನು ಬೆಲ್ಜಿಯಂ ದೇಶದ ಅಡಾಲ್ಫ್ ಕೆಟ್ಲೆ. ಅವನು ವೈದ್ಯನಲ್ಲ. ಗಣಿತಜ್ಞ, ಖಗೋಳಶಾಸ್ತ್ರಜ್ಞ. ನಕ್ಷತ್ರದ ಸ್ಥಾನವನ್ನು ಹತ್ತಾರು ಬಾರಿ ಅಳೆದು ಸರಾಸರಿ ತೆಗೆಯುವ ವಿಧಾನವನ್ನು ಮನುಷ್ಯರಿಗೂ ಅನ್ವಯಿಸಿದ. 1835ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ "ಸರಾಸರಿ ಮನುಷ್ಯ" ಎಂಬ ಕಲ್ಪನೆಯನ್ನು ಮುಂದಿಟ್ಟ. ಬೆಳೆದ ಮನುಷ್ಯರ ತೂಕವು ಅವರ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂಬುದನ್ನು ಗುರುತಿಸಿದ. ಇಂದು ನಾವು ಬಿಎಂಐ ಎನ್ನುವ ಲೆಕ್ಕದ ಬೇರು ಇಲ್ಲಿದೆ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವುದು, ಅಷ್ಟೆ. ಕೆಟ್ಲೆಗೆ ಬೇಕಾಗಿದ್ದುದು ಸಮಾಜದ ಸರಾಸರಿ. ಒಬ್ಬ ರೋಗಿಯ ಗುರಿಯನ್ನು ಅವನು ಹುಡುಕಿರಲಿಲ್ಲ. ತರಗತಿಯ ಸರಾಸರಿ ಅಂಕ 47 ಬಂದರೆ ಪ್ರತಿಯೊಬ್ಬ ವಿದ್ಯಾರ್ಥಿಯೂ 47 ತೆಗೆಯಬೇಕೆಂದು ಯಾವ ಮೇಷ್ಟರೂ ಹೇಳುವುದಿಲ್ಲವಲ್ಲ!

ತೂಕ ಇಳಿಸುವ ಪುಸ್ತಕಗಳ ಪರಂಪರೆಯಲ್ಲಿ ಪ್ರಸಿದ್ಧನಾದವನು ಲಂಡನ್ನಿನ ವಿಲಿಯಂ ಬ್ಯಾಂಟಿಂಗ್. (ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಬೇರೆ, ಗೊಂದಲ ಬೇಡ.) ಶವಸಂಸ್ಕಾರದ ವ್ಯವಸ್ಥೆ ಮಾಡುವ ವೃತ್ತಿ ಅವನದು. 1862ರಲ್ಲಿ ಅವನ ತೂಕ 202 ಪೌಂಡು, ಎತ್ತರ ಐದಡಿ ಐದಿಂಚು. ಬೂಟಿನ ದಾರ ಕಟ್ಟಲು ಬಗ್ಗಲಾಗುತ್ತಿರಲಿಲ್ಲ, ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯಬೇಕಾಗಿತ್ತು. ವೈದ್ಯನ ಸಲಹೆಯಂತೆ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆಗಳನ್ನು ಬಿಟ್ಟು ಒಂದು ವರ್ಷದಲ್ಲಿ 46 ಪೌಂಡು ಇಳಿಸಿ, ತನ್ನ ಅನುಭವವನ್ನು 1863ರಲ್ಲಿ ಕಿರುಹೊತ್ತಗೆಯಾಗಿ ಅಚ್ಚುಹಾಕಿಸಿದ. ಇಂಗ್ಲಿಷಿನಲ್ಲಿ ಅವನ ಹೆಸರೇ ಒಂದು ಕ್ರಿಯಾಪದವಾಯಿತು. ನನಗೆ ಹಿಡಿಸಿದ್ದು ಅವನ ಬೂಟಿನ ದಾರ. ಅವನು ಬಯಸಿದ್ದು ಬಗ್ಗುವ ದೇಹವನ್ನು. ಪೌಂಡಿನ ಲೆಕ್ಕ ಆಮೇಲೆ ಬಂದದ್ದು.

ಸರಾಸರಿಯು ಆದರ್ಶವಾದದ್ದು ಅಮೆರಿಕದ ಜೀವವಿಮಾ ಕಚೇರಿಗಳಲ್ಲಿ. ಯಾರು ಬೇಗ ಸಾಯುತ್ತಾರೆ, ಯಾರು ತಡವಾಗಿ ಸಾಯುತ್ತಾರೆ ಎಂಬುದರ ಮೇಲೆ ಅವರ ಲಾಭ ನಿಂತಿತ್ತು. ಲಕ್ಷಾಂತರ ಪಾಲಿಸಿದಾರರ ಎತ್ತರ, ತೂಕ, ಮರಣಗಳನ್ನು ತಾಳೆ ನೋಡಿದಾಗ, ತೀರಾ ದಪ್ಪನೆಯವರು ಬೇಗ ಸಾಯುತ್ತಿದ್ದುದು ಕಂಡಿತು. ಅದು ನಿಜವಾದ, ಉಪಯುಕ್ತವಾದ ತಿಳಿವಳಿಕೆ. 1942ರಲ್ಲಿ ಹೆಂಗಸರಿಗೂ 1943ರಲ್ಲಿ ಗಂಡಸರಿಗೂ ಮೆಟ್ರೋಪಾಲಿಟನ್ ಲೈಫ್ ಕಂಪನಿಯು "ಆದರ್ಶ ತೂಕ"ದ ಕೋಷ್ಟಕಗಳನ್ನು ಹೊರತಂದಿತು. ಲೂಯಿ ಡಬ್ಲಿನ್ ಎಂಬ ಸಂಖ್ಯಾಶಾಸ್ತ್ರಜ್ಞ ಅವುಗಳ ಹಿಂದಿದ್ದ. ಸಣ್ಣ, ಮಧ್ಯಮ, ದೊಡ್ಡ ಮೈಕಟ್ಟು ಎಂದು ಮೂರು ಅಂಕಣಗಳಿದ್ದವು. ನಮ್ಮ ಮೈಕಟ್ಟು ಯಾವುದೆಂದು ಅಳೆಯುವ ಬಗೆಯನ್ನು ಮಾತ್ರ ಹೇಳಿರಲಿಲ್ಲ.

ಆ ಕೋಷ್ಟಕಗಳಲ್ಲಿ ನನ್ನ ಕಣ್ಣು ನೆಟ್ಟದ್ದು ಒಂದು ಸಂಗತಿಯ ಮೇಲೆ. ಅವು "25 ಮತ್ತು ಅದಕ್ಕೆ ಮೇಲ್ಪಟ್ಟ" ವಯಸ್ಸಿನವರಿಗೆಲ್ಲ ಒಂದೇ ತೂಕವನ್ನು ಹೇಳುತ್ತಿದ್ದವು. ಅದಕ್ಕೆ ಮೊದಲಿನ ಕೋಷ್ಟಕಗಳಲ್ಲಿ ವಯಸ್ಸು ಏರಿದಂತೆ ಸರಾಸರಿ ತೂಕವೂ ಏರುತ್ತಿತ್ತು. ಡಬ್ಲಿನ್ನನ ವಾದದಲ್ಲಿ ಇಪ್ಪತ್ತೈದರ ಬಳಿಕ ತೂಕ ಏರಲೇಬಾರದು. ಇಪ್ಪತ್ತಮೂರರ ಚೀಟಿಯನ್ನು ಅರವತ್ತನಾಲ್ಕರಲ್ಲಿ ಕನ್ನಡಿಗೆ ಸಿಕ್ಕಿಸಿದ ನನ್ನ ತಲೆಯಲ್ಲಿ ಕುಳಿತಿದ್ದುದು ಅದೇ ವಿಚಾರ. ಅದೇ ಕಂಪನಿಯು 1959ರಲ್ಲಿ ಕೋಷ್ಟಕವನ್ನು ಪರಿಷ್ಕರಿಸಿ "ಆದರ್ಶ"ದ ಬದಲು "ಅಪೇಕ್ಷಣೀಯ" ಎಂದಿತು. 1983ರಲ್ಲಿ ಅಂಕಿಗಳನ್ನು ಬಹುಮಟ್ಟಿಗೆ ಮೇಲಕ್ಕೇರಿಸಿ ಆ ಮಾತನ್ನೂ ಕೈಬಿಟ್ಟಿತು. ನಾನು ಅರಸೀಕೆರೆಯಲ್ಲಿ ನಾಣ್ಯ ಹಾಕಿದ ವರ್ಷವೇ ಆದರ್ಶ ತೂಕವನ್ನು ಸಾರಿದವರೇ ಹಿಂದೆ ಸರಿದಿದ್ದರು! ಇದಲ್ಲದೆ ಆ ಪಟ್ಟಿಗಳಿಗೆ ಆಧಾರವಾದವರು ಅಮೆರಿಕದಲ್ಲಿ ವಿಮೆ ಕೊಳ್ಳಲು ಶಕ್ತರಾಗಿದ್ದ ಜನ, ಬಹುಪಾಲು ಬಿಳಿಯರು. ನಮ್ಮ ಹಳ್ಳಿಗಾಡಿನ ದೇಹಗಳು ಆ ಲೆಕ್ಕದಲ್ಲಿ ಇರಲೇ ಇಲ್ಲ.

ಇನ್ನು ಆನ್ಸೆಲ್ ಕೀಸ್. ಈ ಅಮೆರಿಕದ ಶರೀರಶಾಸ್ತ್ರಜ್ಞನ ಎರಡು ಕೆಲಸಗಳನ್ನು ಒಟ್ಟಿಗೆ ನೋಡಬೇಕು. ಮೊದಲನೆಯದು, 1944ರ ನವೆಂಬರಿನಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಅರೆಹೊಟ್ಟೆಯ ಪ್ರಯೋಗ. ಯುದ್ಧದಲ್ಲಿ ಆಯುಧ ಹಿಡಿಯಲೊಪ್ಪದ 36 ತರುಣರು ಸ್ವಇಚ್ಛೆಯಿಂದ ಅದಕ್ಕೆ ಒಳಗಾದರು. 24 ವಾರಗಳ ಕಾಲ ಅವರ ಆಹಾರವನ್ನು ಸುಮಾರು ಅರ್ಧಕ್ಕಿಳಿಸಿ, ತೂಕದಲ್ಲಿ ಕಾಲುಭಾಗದಷ್ಟನ್ನು ಕಳೆಯಲಾಯಿತು. ಯುರೋಪಿನ ಹಸಿದ ಜನರನ್ನು ಮತ್ತೆ ಉಣಿಸುವ ಬಗೆಯನ್ನು ಕಲಿಯುವುದು ಉದ್ದೇಶ. ಆ ತರುಣರು ಸಿಡುಕರಾದರು, ಬೇಸಗೆಯಲ್ಲೂ ಚಳಿಯೆಂದರು, ದಿನವಿಡೀ ಊಟದ ವಿಷಯವನ್ನೇ ಯೋಚಿಸಿದರು. ಎಂದೂ ಅಡುಗೆಮನೆಗೆ ಕಾಲಿಡದವರು ಅಡುಗೆ ಪುಸ್ತಕಗಳನ್ನು ಕೂಡಿಹಾಕತೊಡಗಿದರು. ಮತ್ತೆ ಊಟ ಕೊಟ್ಟಾಗ ಹಸಿವು ತಿಂಗಳುಗಟ್ಟಲೆ ಇಂಗಲಿಲ್ಲ. ಸ್ನಾಯು ಮರಳುವುದಕ್ಕೆ ಮೊದಲು ಕೊಬ್ಬು ಮರಳಿತು. ಇದನ್ನು ಓದಿದ ದಿನ ನನ್ನ ಎಂಟನೆಯ ವಾರದ ಬಚ್ಚಲುಮನೆಯೂ ಆಮೇಲಿನ ನಾಲ್ಕು ತಿಂಗಳೂ ನನಗೆ ಅರ್ಥವಾದವು. ನನ್ನ ಮನೋಬಲ ಸಾಲದಾಯಿತೆಂದು ಅಷ್ಟು ದಿನ ಹಳಿದುಕೊಂಡಿದ್ದೆ. ದೇಹವು ಬರಗಾಲವನ್ನು ಎದುರಿಸುವಂತೆ ಎದುರಿಸಿತ್ತು.

ಕೀಸನ ಎರಡನೆಯ ಕೆಲಸ 1972ರದು. ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಪುರುಷರ ಅಳತೆಗಳನ್ನು ಪರಿಶೀಲಿಸಿ, ಕೆಟ್ಲೆಯ ಹಳೆಯ ಅನುಪಾತಕ್ಕೆ "ಬಾಡಿ ಮಾಸ್ ಇಂಡೆಕ್ಸ್" ಎಂಬ ಹೆಸರಿಟ್ಟ. ಲಭ್ಯವಿದ್ದ ಸರಳ ಸೂತ್ರಗಳಲ್ಲಿ ಇದು ಉಳಿದವುಗಳಿಗಿಂತ ಕೀಳಲ್ಲ ಎಂಬುದಷ್ಟೇ ಅವನ ತೀರ್ಮಾನ. ಆ ಅಧ್ಯಯನದಲ್ಲಿ ಹೆಂಗಸರಿರಲಿಲ್ಲ, ಭಾರತೀಯರೂ ಇರಲಿಲ್ಲ.

ಅನುಪಾತ ಸಿಕ್ಕಿತು, ಆದರೆ ಗೆರೆ ಎಲ್ಲಿ ಎಳೆಯುವುದು? 1998ರ ಜೂನ್‌ವರೆಗೆ ಅಮೆರಿಕದಲ್ಲಿ ಗಂಡಸರಿಗೆ 27.8, ಹೆಂಗಸರಿಗೆ 27.3 ದಾಟಿದರೆ ಅಧಿಕ ತೂಕ ಎನ್ನುತ್ತಿದ್ದರು. ಆ ತಿಂಗಳು ಅದನ್ನು 25ಕ್ಕೆ ಇಳಿಸಿದರು. ಒಂದು ತುತ್ತೂ ಹೆಚ್ಚು ತಿನ್ನದೆ ಕೋಟ್ಯಂತರ ಜನ ರಾತ್ರೋರಾತ್ರಿ ಅಧಿಕ ತೂಕದವರಾದರು. ನಮ್ಮ ದೇಶದ ತಜ್ಞರು 2008ರ ಕೊನೆಯಲ್ಲಿ ದೆಹಲಿಯಲ್ಲಿ ಸೇರಿ ಚರ್ಚಿಸಿ, 2009ರಲ್ಲಿ ಪ್ರಕಟಿಸಿದ ಒಮ್ಮತದ ಪ್ರಕಾರ ನಮಗೆ ಗೆರೆ ಇನ್ನೂ ಕೆಳಗೆ: 23ರಿಂದ ಅಧಿಕ ತೂಕ, 25ರಿಂದ ಬೊಜ್ಜು. ಜೊತೆಗೆ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರಿನ ಒಳಗಿರಬೇಕು.

ನಮಗೇಕೆ ಬೇರೆ ಗೆರೆ? ಇದಕ್ಕೆ ಸೊಗಸಾದ ಉತ್ತರವೊಂದು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಜೊತೆಯಾಗಿ ಚಿತ್ರ ತೆಗೆಸಿಕೊಂಡಿದ್ದಾರೆ. ಇಬ್ಬರದೂ ಬಿಎಂಐ 22.3. ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕರಲ್ಲಿ ಶೇಕಡ 21.2. ತೆಳ್ಳಗೆ ಕಂಡರೂ ಒಳಗೆ ಕೊಬ್ಬು, ಕೈಕಾಲು ಸಣ್ಣಗಿದ್ದು ಹೊಟ್ಟೆ ಮುಂದೆ. ನಮ್ಮ ಮದುವೆಮನೆಗಳ ಮೊದಲ ಪಂಕ್ತಿಯನ್ನು ನೋಡಿದರೆ ಯಾಜ್ಞಿಕರ ಮಾತಿಗೆ ಬೇರೆ ಸಾಕ್ಷಿ ಬೇಡ!

ಇದರ ಬೇರು ಹುಟ್ಟಿನವರೆಗೂ ಹೋಗುತ್ತದೆಂದು ತೋರಿಸಿದ ಅಧ್ಯಯನಗಳಲ್ಲಿ ಒಂದು ನಮ್ಮ ಮೈಸೂರಿನದೇ ಎಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲೆ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಆ ಪುಸ್ತಕಗಳನ್ನು ಹಿಡಿದು, ಅಂದು ಹುಟ್ಟಿ ಇನ್ನೂ ಮೈಸೂರಿನ ಸುತ್ತಮುತ್ತ ಬಾಳುತ್ತಿದ್ದ 517 ಮಂದಿಯನ್ನು ಸಂಶೋಧಕರು ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇಕಡ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. ಹುಟ್ಟುತೂಕ ಚೆನ್ನಾಗಿದ್ದವರಲ್ಲಿ ಅದು ಶೇಕಡ 3. ತಾಯಿಯ ಹೊಟ್ಟೆಯಲ್ಲಿ ಅರೆಹೊಟ್ಟೆ ಉಂಡ ಕೂಸು ಅರವತ್ತು ವರ್ಷ ಅದರ ಬಡ್ಡಿ ಕಟ್ಟುತ್ತದೆ. ಪ್ರತಿಯೊಬ್ಬನ ತೂಕದ ಹಿಂದೆಯೂ ಒಂದು ಬರಗಾಲ, ಒಂದು ಬಡತನ, ಒಬ್ಬ ತಾಯಿ ಇರಬಹುದು. ಇದನ್ನು ತಿಳಿದ ಮೇಲೆ ದಪ್ಪನೆಯವನನ್ನು ಹೊಟ್ಟೆಬಾಕನೆಂದು ನಗುವುದು ಅಜ್ಞಾನವೇ ಸರಿ.

ಇಲ್ಲಿ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಈ ಬರಹವನ್ನು ಬರೆಯಲು ಕುಳಿತದ್ದೂ ಬಹುಪಾಲು ಅದಕ್ಕಾಗಿಯೇ.

ತೊಂಬತ್ತರ ದಶಕದಲ್ಲಿ, ನಾನು ಎಂಟನೆಯ ತರಗತಿಯ ಕ್ಲಾಸ್ ಟೀಚರ್ ಆಗಿದ್ದ ಒಂದು ವರ್ಷ, ಆರೋಗ್ಯ ತಪಾಸಣೆಯ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಗಿದೆವು. ರಿಜಿಸ್ಟರಿಗೆ ಬರೆಯುವವನು ಕಿಟಕಿಯ ಬಳಿ ಕುಳಿತಿದ್ದ. ಅವನಿಗೆ ಕೇಳಿಸಲೆಂದು ಪ್ರತಿ ಮಗುವಿನ ಹೆಸರನ್ನೂ ತೂಕವನ್ನೂ ನಾನು ಗಟ್ಟಿಯಾಗಿ ಕೂಗಿ ಹೇಳಿದೆ. ಒಬ್ಬ ಹುಡುಗಿಯ ತೂಕ ಕೂಗಿದಾಗ ಹಿಂದಿನ ಬೆಂಚಿನಿಂದ ಒಂದು ಅಡ್ಡಹೆಸರು ಹಾರಿಬಂತು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆ ಅಡ್ಡಹೆಸರು ಹತ್ತನೆಯ ತರಗತಿಯವರೆಗೂ ಅವಳ ಬೆನ್ನು ಬಿಡಲಿಲ್ಲ. ಅವಳು ಮಧ್ಯಾಹ್ನದ ಡಬ್ಬಿಯನ್ನು ಬಿಚ್ಚದೆ ಮನೆಗೆ ಒಯ್ಯುತ್ತಾಳೆಂದು ಅವಳ ತಾಯಿ ಒಮ್ಮೆ ಬಂದು ಹೇಳಿದಾಗ, "ಈ ವಯಸ್ಸಿನಲ್ಲಿ ಇದೆಲ್ಲ ಇದ್ದದ್ದೇ ಅಮ್ಮಾ" ಎಂದು ಕಳುಹಿಸಿಬಿಟ್ಟೆ. ಒಂದು ದಿನ ಪ್ರಾರ್ಥನೆಯ ಸಮಯದಲ್ಲಿ ಅವಳು ತಲೆಸುತ್ತಿ ಬಿದ್ದಳು. ನೀರು ಚಿಮುಕಿಸಿ, ಗ್ಲೂಕೋಸ್ ಕುಡಿಸಿ, ಬಿಸಿಲಿನ ಕಾರಣವೆಂದು ಬರೆದುಕೊಂಡೆವು.

ಬೆಳೆಯುವ ಮಕ್ಕಳ ತೂಕವನ್ನು ದೊಡ್ಡವರ ಅಂಕಿಗಳಿಂದ ಅಳೆಯುವಂತಿಲ್ಲ. ವಯಸ್ಸಿಗೂ ಲಿಂಗಕ್ಕೂ ತಕ್ಕ ಬೆಳವಣಿಗೆಯ ನಕ್ಷೆಗಳೇ ಬೇರೆ ಇವೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರಲ್ಲಿ ಐದರಿಂದ ಹದಿನೆಂಟು ವರ್ಷದವರಿಗೆ ಪರಿಷ್ಕೃತ ನಕ್ಷೆಗಳನ್ನು ಕೊಟ್ಟಿದೆ. ಅಂದು ಅವಳ ತೂಕ ಹೆಚ್ಚೋ ಸರಿಯೋ ಎಂಬುದು ನನಗೆ ತಿಳಿದೇ ಇರಲಿಲ್ಲ. ತಿಳಿಯದ ವಿಷಯಕ್ಕೆ ನಕ್ಕಿದ್ದೆ. ನಾನು ಬಚ್ಚಲುಮನೆಯಲ್ಲಿ ಕುಸಿದಾಗ, ಕಣ್ಣು ಬಿಡುವ ಮೊದಲೇ ನೆನಪಾದದ್ದು ಪ್ರಾರ್ಥನೆಯ ಸಾಲಿನಲ್ಲಿ ಬಿದ್ದ ಆ ಮಗು. ತಾಯೀ, ಇದನ್ನು ನೀನು ಓದುತ್ತಿದ್ದರೆ, ಮೂವತ್ತು ವರ್ಷ ತಡವಾಗಿ ನಿನ್ನ ಮೇಷ್ಟರು ನಿನ್ನಲ್ಲಿ ಕ್ಷಮೆ ಕೇಳುತ್ತಿದ್ದಾನೆ. ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ಮಕ್ಕಳನ್ನು ತೂಗುವಾಗ ಅಂಕಿಯನ್ನು ಕಾಗದದ ಮೇಲೆ ಬರೆಯಿರಿ, ಬಾಯಿಂದ ಕೂಗಬೇಡಿ.

ಇನ್ನು ನನ್ನ ಕಥೆಗೆ ಬರುತ್ತೇನೆ. ಕುಸಿದ ಮೇಲೆ ನನ್ನನ್ನು ನೋಡಿದ ವೈದ್ಯ ನನ್ನ ಹಳೆಯ ವಿದ್ಯಾರ್ಥಿಯೇ. ಚೀಟಿಯನ್ನು ಕೈಯಲ್ಲಿ ಹಿಡಿದು ನೋಡಿ ನಕ್ಕ. "ಸಾರ್, ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೂವತ್ತು ತೆಗೆದ ನನಗೆ ನೀವು ಏನು ಹೇಳಿದ್ರಿ, ನೆನಪಿದೆಯಾ? ಮೊದಲು ಮೂವತ್ತೈದು ತೆಗಿ, ಆಮೇಲೆ ಐವತ್ತರ ಮಾತು ಅಂದ್ರಿ. ನಿಮಗೂ ಅದೇ ಮಾತು" ಎಂದ. ನನ್ನ ಮಾತು ನನಗೇ ಮರಳಿ ಬಂದಿತ್ತು.

ಅವನು ಹೇಳಿದ ಲೆಕ್ಕ ಸರಳ. ಈಗಿನ ತೂಕದ ಶೇಕಡ 5ರಿಂದ 7. ನನ್ನ 78ಕ್ಕೆ ಅದು ನಾಲ್ಕರಿಂದ ಐದೂವರೆ ಕಿಲೋ. ಇದು ಅವನ ಮನಸ್ಸಿಗೆ ಬಂದ ಅಂಕಿಯಲ್ಲ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 3234 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿಗೆ ಕೊಟ್ಟ ಗುರಿ ಎರಡೇ: ತೂಕದಲ್ಲಿ ಶೇಕಡ 7 ಇಳಿಕೆ, ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ. ಸುಮಾರು ಮೂರು ವರ್ಷಗಳಲ್ಲಿ, ಹೋಲಿಕೆಯ ಗುಂಪಿಗಿಂತ ಇವರಲ್ಲಿ ಸಕ್ಕರೆ ಕಾಯಿಲೆ ಶೇಕಡ 58ರಷ್ಟು ಕಡಿಮೆಯಾಗಿತ್ತು. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ನಡೆಸಿ 2006ರಲ್ಲಿ ಪ್ರಕಟಿಸಿದ ಭಾರತೀಯ ಅಧ್ಯಯನ ಇನ್ನೂ ಅಚ್ಚರಿಯದು. 531 ಮಂದಿಯಲ್ಲಿ, ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ ಮೂರು ವರ್ಷಕ್ಕೆ ಶೇಕಡ 55 ಮಂದಿಗೆ ಕಾಯಿಲೆ ಬಂದರೆ, ಊಟ ಮತ್ತು ನಡಿಗೆಯನ್ನು ತಿದ್ದಿಕೊಂಡವರಲ್ಲಿ ಅದು ಸುಮಾರು ಶೇಕಡ 39. ಅವರ ಸರಾಸರಿ ತೂಕ ಮಾತ್ರ ಹೆಚ್ಚೇನೂ ಇಳಿದಿರಲಿಲ್ಲ! ತಕ್ಕಡಿಗೆ ಕಾಣದ ಲಾಭ ದೇಹಕ್ಕೆ ದೊರೆತಿತ್ತು.

ಇದಕ್ಕೆ ವಿರುದ್ಧವಾದ ಚಿತ್ರ 1997ರ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿದೆ. ಚಿಕಿತ್ಸೆಗೆ ಬಂದ 60 ಸ್ಥೂಲಕಾಯದ ಮಹಿಳೆಯರನ್ನು ಗ್ಯಾರಿ ಫಾಸ್ಟರ್ ಮತ್ತು ಸಂಗಡಿಗರು ನಿಮ್ಮ ಗುರಿಯೇನೆಂದು ಮೊದಲೇ ಕೇಳಿದರು. ಅವರ ಸರಾಸರಿ ಗುರಿ ಮೂಲ ತೂಕದ ಶೇಕಡ 32ರಷ್ಟು ಇಳಿಕೆ. 17 ಕಿಲೋ ಮಾತ್ರ ಇಳಿದರೆ ನಿರಾಶೆಯಾಗುತ್ತದೆ ಎಂದರು. 48 ವಾರಗಳ ಬಳಿಕ ಸರಾಸರಿ 16 ಕಿಲೋ ಇಳಿದಿತ್ತು. ವೈದ್ಯರ ದೃಷ್ಟಿಯಲ್ಲಿ ಅದು ದೊಡ್ಡ ಯಶಸ್ಸು. ಸುಮಾರು ಅರ್ಧದಷ್ಟು ಮಹಿಳೆಯರು ತಾವೇ "ನಿರಾಶೆ" ಎಂದು ಹೆಸರಿಟ್ಟ ತೂಕವನ್ನೂ ಮುಟ್ಟಿರಲಿಲ್ಲ. ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. 78ರಿಂದ 54 ಎಂದರೆ ಶೇಕಡ 31. ನಾನೇನೂ ವಿಶೇಷ ಮೂರ್ಖನಲ್ಲ, ಮನುಷ್ಯಸಹಜ ಮೂರ್ಖ ಎಂದು ಸಮಾಧಾನವಾಯಿತು.

ವಯಸ್ಸಾದವರಿಗೆ ಇನ್ನೊಂದು ಅಪಾಯವಿದೆ. ಊಟ ಬಿಟ್ಟು ಅವಸರದಿಂದ ಇಳಿಸಿದರೆ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ಅದು ಮರಳಿ ಬರುವುದು ಕಷ್ಟ. ಸ್ನಾಯು ಹೋದರೆ ಬೀಳುತ್ತೇವೆ, ಬಿದ್ದರೆ ಮೂಳೆ ಮುರಿಯುತ್ತದೆ. ಹಾಗಾಗಿ ನನ್ನ ಶಿಷ್ಯ ಊಟ ಬಿಡಬೇಡಿ, ಊಟದ ರೂಪ ಬದಲಿಸಿ ಎಂದ. ಅನ್ನ ಅರ್ಧ, ಪಲ್ಯ ಎರಡರಷ್ಟು, ಎರಡು ಹೊತ್ತೂ ಬೇಳೆ ಅಥವಾ ಕಾಳು, ಮೊಸರು, ಕಾಫಿಗೆ ಸಕ್ಕರೆ ಬೇಡ. ದಿನಕ್ಕೆ ಮುಕ್ಕಾಲು ಗಂಟೆ ನಡಿಗೆ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು ಹತ್ತು ಸಲ. ತೂಕ ನೋಡುವುದು ವಾರಕ್ಕೊಮ್ಮೆ, ಬೆಳಿಗ್ಗೆ, ಒಂದೇ ಯಂತ್ರದಲ್ಲಿ.

ಎಂಟು ತಿಂಗಳಲ್ಲಿ 72.5ಕ್ಕೆ ಬಂದೆ. ಇಳಿಕೆ ಅಲ್ಲಿಗೆ ನಿಂತಿತು. ಅಲ್ಲಿಯೇ ನಿಂತಿದ್ದೇನೆ, ಅದೇ ನನ್ನ ಹೆಮ್ಮೆ. ಸೊಂಟ 101ರಿಂದ 95ಕ್ಕೆ, ಸಕ್ಕರೆಯ ಅಂಕಿ 6.3ರಿಂದ 5.9ಕ್ಕೆ ಇಳಿದಿವೆ. ಬಿಎಂಐ ಲೆಕ್ಕದಲ್ಲಿ ಈಗಲೂ 26.6. ನಮ್ಮ ದೇಶದ ಗೆರೆಯ ಪ್ರಕಾರ ಈಗಲೂ ನಾನು ಬೊಜ್ಜಿನವನೇ. ಆದರೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಏದುಸಿರಿಲ್ಲದೆ ನಂದಿಯವರೆಗೆ ಹತ್ತುತ್ತೇನೆ. ಮುಂದೆ 70ಕ್ಕೆ ಇಳಿಯಬಹುದೇ ಎಂದು ಕೇಳಿದ್ದಕ್ಕೆ, "ಇದನ್ನು ಒಂದು ವರ್ಷ ಉಳಿಸಿಕೊಳ್ಳಿ ಸಾರ್, ಆಮೇಲೆ ನೋಡೋಣ" ಎಂದಿದ್ದಾನೆ.

2025ರ ಜನವರಿಯಲ್ಲಿ ಲ್ಯಾನ್ಸೆಟ್ ಬಳಗದ ತಜ್ಞರ ಆಯೋಗವು ಬಿಎಂಐ ಒಂದರಿಂದಲೇ ಒಬ್ಬ ವ್ಯಕ್ತಿಯ ಬೊಜ್ಜನ್ನು ನಿರ್ಣಯಿಸಬಾರದು, ಸೊಂಟದಂಥ ಅಳತೆಗಳನ್ನೂ ಅಂಗಾಂಗಗಳಿಗೆ ಆಗಿರುವ ತೊಂದರೆಯನ್ನೂ ನೋಡಬೇಕು ಎಂದು ಹೇಳಿತು. ಅದೇ ವರ್ಷ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ನಮ್ಮ ಪೇಟೆಗೂ ಬಂದವು. ಅಗತ್ಯವಿದ್ದವರಿಗೆ ಅವು ವರವಾಗಬಹುದು, ವೈದ್ಯರು ಹೇಳಲಿ. ಆದರೆ ಎಷ್ಟಕ್ಕೆ ನಿಲ್ಲಬೇಕೆಂಬ ಪ್ರಶ್ನೆಗೆ ಸೂಜಿಯಲ್ಲಿ ಉತ್ತರವಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹಣದ ವಿಷಯಕ್ಕೆ ಹೇಳಿದ್ದು. ತೂಕದ ಗುರಿಗೂ ಅದು ಸಲ್ಲುತ್ತದೆ. ಇಪ್ಪತ್ತಮೂರರ ಹಾಸಿಗೆ ಈಗ ನನ್ನದಲ್ಲ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕುಳಿತು ಮದುವೆಯ ದಿನದ ತೂಕಕ್ಕೆ, ಕಾಲೇಜಿನ ದಿನದ ತೂಕಕ್ಕೆ ಮರಳಬೇಕೆಂದು ಹಟ ಹಿಡಿದಿರುವ ನನ್ನ ಮಕ್ಕಳಂಥವರಿಗೆ ನಾನು ಹೇಳುವುದಿಷ್ಟೆ: ನೂರರಲ್ಲಿ ಐದು ಇಳಿಸಿ, ಉಳಿಸಿಕೊಳ್ಳಿ, ನಿಮ್ಮ ವೈದ್ಯರನ್ನು ಕೇಳಿ, ಆಮೇಲೆ ಮುಂದಿನ ಮೆಟ್ಟಿಲು.

ಚೀಟಿಯನ್ನು ಕನ್ನಡಿಯಿಂದ ತೆಗೆದು ಅಂಕಪಟ್ಟಿಯೊಳಕ್ಕೆ ಮರಳಿ ಇಟ್ಟಿದ್ದೇನೆ. ಅದು ಚರಿತ್ರೆಯ ದಾಖಲೆ, ಅಲ್ಲಿಯೇ ಇರಲಿ.

ಎಲ್ಲರಿಗೂ ಆರೋಗ್ಯಭಾಗ್ಯವಿರಲಿ.

ನಿಮ್ಮ ಮೇಷ್ಟರು